ಬೀಗದ ಕೈ ಕಳೆದ ಅಂಚೆಪೆಟ್ಟಿಗೆ

‘ಕಡತ’ ಎಂದರೆ ಇಂದಿನ ವಿದ್ಯಾರ್ಥಿಗೆ ಕಂಪ್ಯೂಟರಿನ ಫೈಲು. ಅವನ ತಂದೆಗೆ ಅದು ಕಚೇರಿಯ ಫೈಲು. ಆದರೆ ಈ ಪದದ ಹಳೆಯ ಅರ್ಥ ಬೇರೆಯೇ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ವರ್ತಕರ ಲೆಕ್ಕ, ಮಠಗಳ ದಾಖಲೆ ಎಲ್ಲವೂ ಇದರಲ್ಲೇ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಮುಖ್ಯ ಆಕರಗಳು.

ಹಳೆಯ ಬರಹವೊಂದನ್ನು ಇಂದು ಓದಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಮೊದಲನೆಯದು, ಬರೆದ ವಸ್ತು ಉಳಿದಿರಬೇಕು. ಗೆದ್ದಲು ತಿಂದ ಓಲೆಗರಿಯನ್ನು ಯಾವ ಪಂಡಿತನೂ ಓದಲಾರ. ಎರಡನೆಯದು, ಬರಹದ ಜೋಡಣೆ ತಿಳಿದಿರಬೇಕು. ಯಾವ ಗರಿಯ ನಂತರ ಯಾವ ಗರಿ, ಎಲ್ಲಿ ಮೂಲ, ಎಲ್ಲಿ ಟೀಕೆ ಎಂಬುದು ಗೊತ್ತಿರಬೇಕು. ಮೂರನೆಯದು, ಲಿಪಿ ಬರಬೇಕು. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಗರಿ ಗಟ್ಟಿಯಾಗಿದೆ, ಅಕ್ಷರ ಸ್ಪಷ್ಟವಾಗಿದೆ. ಓದುವವರು ಮಾತ್ರ ವಿರಳ. ಬೆಳಗಾವಿ, ಧಾರವಾಡದ ಕಡೆಯ ಮೋಡಿ ಲಿಪಿಯ ಕಾಗದಪತ್ರಗಳದೂ ಇದೇ ಕಥೆ.

ವಸ್ತು, ಜೋಡಣೆ, ಲಿಪಿ – ಈ ಮೂರರಲ್ಲಿ ಒಂದು ಕೈಕೊಟ್ಟರೂ ಬರಹ ಮೂಕವಾಗುತ್ತದೆ. ತಾಳೆಗರಿಗೆ ಈ ಗತಿ ಬರಲು ನೂರಾರು ವರ್ಷ ಬೇಕಾಯಿತು. ಕಂಪ್ಯೂಟರಿನ ಕಡತಕ್ಕೆ ಇಪ್ಪತ್ತು–ಇಪ್ಪತ್ತೈದು ವರ್ಷ ಸಾಕು. ಇದರಲ್ಲಿ ಹೆಚ್ಚು ಪೆಟ್ಟು ತಿಂದಿರುವುದು ಹಳೆಯ ಇ-ಮೇಲ್‌ಗಳು.

ಒಂದೇ ಒಂದು ಪ್ರತಿ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇ-ಮೇಲ್ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್. ವರ್ಷ 1971. ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲೇ ಇದ್ದವು! ವಿಳಾಸದಲ್ಲಿ ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆಯನ್ನು ಇಟ್ಟವರೂ ಅವರೇ. ಭಾರತದಲ್ಲಿ 1986ರಲ್ಲಿ ಆರಂಭವಾದ ಎರ್‌ನೆಟ್ ಯೋಜನೆ ಕೆಲವೇ ಸಂಸ್ಥೆಗಳನ್ನು ಜಾಲಕ್ಕೆ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಆ ದಿನಗಳಲ್ಲಿ ಸಂಪರ್ಕವೆಂದರೆ ದೂರವಾಣಿ ತಂತಿ. ತಂತಿಯಲ್ಲಿದ್ದಷ್ಟು ಹೊತ್ತೂ ಬಿಲ್ಲು ಏರುತ್ತಿತ್ತು. ಹೀಗಾಗಿ ಬಳಕೆಗೆ ಬಂದ ಪದ್ಧತಿ ಬಹಳ ಮಿತವ್ಯಯದ್ದು. ಮನೆಯ ಕಂಪ್ಯೂಟರು ಅಂಚೆಯ ಸರ್ವರಿಗೆ ಕರೆ ಮಾಡುತ್ತಿತ್ತು, ಬಂದ ಪತ್ರಗಳನ್ನೆಲ್ಲ ಒಮ್ಮೆಗೇ ಇಳಿಸಿಕೊಳ್ಳುತ್ತಿತ್ತು, ಸಂಪರ್ಕ ಕಡಿದುಕೊಳ್ಳುತ್ತಿತ್ತು. ಓದುವುದು, ಉತ್ತರ ಬರೆಯುವುದು ಎಲ್ಲ ಆಮೇಲೆ. ಪತ್ರ ಮನೆಗೆ ಇಳಿದ ಮೇಲೆ ಸರ್ವರಿನಲ್ಲಿದ್ದ ಪ್ರತಿಯನ್ನು ಅಳಿಸಿಬಿಡುವುದೇ ರೂಢಿ. ಅಲ್ಲಿ ಜಾಗ ಕಡಿಮೆ.

ಇದರ ಪರಿಣಾಮವನ್ನು ಅಂದು ಯಾರೂ ಯೋಚಿಸಲಿಲ್ಲ. ಇಂದು ಪತ್ರಗಳು ದೂರದ ಯಾವುದೋ ಸರ್ವರಿನಲ್ಲಿ ಇರುತ್ತವೆ. ಮೊಬೈಲು ಕಳೆದರೂ ಪತ್ರ ಕಳೆಯದು. ಆದರೆ 1990ರ ದಶಕದ ಕೊನೆಯ ಪತ್ರಗಳಿಗೆ ಮನೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಒಂದೇ ನೆಲೆ. ಅಮೆರಿಕಕ್ಕೆ ಕೆಲಸಕ್ಕೆ ಹೋದ ಮಗ ಮೊದಲ ಚಳಿಗಾಲದಲ್ಲಿ ತಂದೆತಾಯಿಗೆ ಬರೆದದ್ದು, ಮೊಮ್ಮಗು ಹುಟ್ಟಿದ ದಿನ ಬಂದ ನಾಲ್ಕು ಸಾಲು, ಈಗ ಇಲ್ಲದ ಅಜ್ಜ ಒಂದೊಂದೇ ಕೀಲಿ ಹುಡುಕಿ ಒತ್ತಿ ಕೊಟ್ಟ ಉತ್ತರ – ಎಲ್ಲವೂ ಅಲ್ಲಿ. ಅದಕ್ಕೂ ಹಿಂದಿನ ತಲೆಮಾರಿನ ಇನ್‌ಲ್ಯಾಂಡ್ ಪತ್ರಗಳು ಟ್ರಂಕಿನಲ್ಲಿ ಕಟ್ಟಾಗಿ ಕುಳಿತಿವೆ. ಯಾವಾಗ ಬಿಚ್ಚಿದರೂ ಓದಬಹುದು. ಇ-ಮೇಲ್‌ಗಳು ಮಾತ್ರ, ಇದ್ದೂ ಇಲ್ಲದಂತೆ, ಯಾವ ಹೊಸ ಕಂಪ್ಯೂಟರೂ ತೆರೆಯಲೊಪ್ಪದ ಒಂದು ಕಡತದಲ್ಲಿ ಸಿಕ್ಕಿಕೊಂಡಿವೆ.

ಶ್ವೇತಭವನದ ಟೇಪುಗಳು

ಹಳೆಯ ಇ-ಮೇಲ್ ಕೇವಲ ಮನೆಮಂದಿಯ ಭಾವನೆಯ ವಿಷಯವಲ್ಲ. 1986ರ ನವೆಂಬರಿನಲ್ಲಿ ಅಮೆರಿಕದ ಶ್ವೇತಭವನದಲ್ಲಿ ದೊಡ್ಡ ಹಗರಣವೊಂದು ಬಯಲಾಯಿತು. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ, ಆ ಹಣದಲ್ಲಿ ಒಂದು ಭಾಗವನ್ನು ನಿಕರಾಗುವದ ಬಂಡುಕೋರರಿಗೆ ತಿರುಗಿಸಲಾಗಿತ್ತು. ರಾಷ್ಟ್ರೀಯ ಭದ್ರತಾ ಸಲಹೆಗಾರ ಜಾನ್ ಪಾಯಿಂಡೆಕ್ಸ್‌ಟರ್ ಮತ್ತು ಅಧಿಕಾರಿ ಆಲಿವರ್ ನಾರ್ತ್ ತಮ್ಮ ಕಂಪ್ಯೂಟರಿನಿಂದ ಸಾವಿರಾರು ಸಂದೇಶಗಳನ್ನು ಅಳಿಸಿಹಾಕಿದರು. ಅವರ ಪರದೆಯಿಂದ ಅವು ಮಾಯವಾದವು ನಿಜ. ಆದರೆ ಯಂತ್ರದ ನಿರ್ವಾಹಕರು ನಿಯಮದಂತೆ ಕಾಲಕಾಲಕ್ಕೆ ಟೇಪಿನ ಮೇಲೆ ಪ್ರತಿ ತೆಗೆದಿಡುತ್ತಿದ್ದರು. ತನಿಖೆ ನಡೆಸಿದವರಿಗೆ ಆ ಟೇಪುಗಳಲ್ಲಿ ಸಂದೇಶಗಳು ಸಿಕ್ಕಿದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1989ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಅಧಿಕಾರ ಬಿಡುವ ಹೊತ್ತಿಗೆ ಆ ಟೇಪುಗಳನ್ನು ಅಳಿಸುವ ಸಿದ್ಧತೆ ನಡೆಯಿತು. ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತು ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಖಾಸಗಿ ಸಂಸ್ಥೆ ನ್ಯಾಯಾಲಯಕ್ಕೆ ಹೋಗಿ ತಡೆ ತಂದರು. ಮುಖ್ಯವಾದವನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟರೆ ಸಾಕಲ್ಲವೇ ಎಂಬುದು ಸರ್ಕಾರದ ವಾದ. ಸಾಲದು ಎಂದು 1993ರಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಮೇಲಿನ ನ್ಯಾಯಾಲಯವೂ ಎತ್ತಿಹಿಡಿಯಿತು. ಕಾರಣ ಸರಳ. ಮುದ್ರಿಸಿದ ಹಾಳೆಯಲ್ಲಿ ಪತ್ರದ ಒಕ್ಕಣೆ ಬರುತ್ತದೆ. ಆದರೆ ಅದು ಯಾರಿಗೆಲ್ಲ ಹೋಯಿತು, ಯಾವ ಗಳಿಗೆಯಲ್ಲಿ ತಲುಪಿತು ಎಂಬುದು ಬಾರದೆ ಹೋಗಬಹುದು. ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದೇ ಪ್ರಶ್ನೆಯಾಗಿರುವಾಗ, ಲಕೋಟೆ ಎಸೆದು ಕಾಗದವನ್ನಷ್ಟೇ ಇಟ್ಟುಕೊಂಡರೆ ಪ್ರಯೋಜನವೇನು?

ಪತ್ರದ ಅಂಗರಚನೆ

ಹಾಗಾದರೆ ಇ-ಮೇಲಿನ ಒಳಗೆ ಏನಿರುತ್ತದೆ? 1982ರಲ್ಲಿ ರೂಪುಗೊಂಡ ನಿಯಮವೇ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆದಿದೆ. ಪತ್ರಕ್ಕೆ ಎರಡು ಭಾಗ: ತಲೆ ಮತ್ತು ಒಡಲು. ತಲೆಯಲ್ಲಿ ಇಂಥವರಿಂದ, ಇಂಥವರಿಗೆ, ಇಂಥ ದಿನಾಂಕ, ಇಂಥ ವಿಷಯ ಎಂಬ ಸಾಲುಗಳು. ದಾರಿಯಲ್ಲಿ ಸಿಕ್ಕಿದ ಒಂದೊಂದು ಸರ್ವರೂ ತನ್ನ ಹೆಸರು ಮತ್ತು ವೇಳೆಯ ಮೊಹರನ್ನು ಇಲ್ಲಿ ಒತ್ತುತ್ತದೆ, ಊರೂರ ಅಂಚೆ ಕಚೇರಿಯ ಮುದ್ರೆಯಂತೆ. ಆಮೇಲೆ ಒಂದು ಖಾಲಿ ಸಾಲು. ಖಾಲಿ ಸಾಲಿನ ಕೆಳಗಿನದೆಲ್ಲ ಒಡಲು.

ಇದೆಲ್ಲವೂ ಬರಿಯ ಪಠ್ಯ. ಆದ್ದರಿಂದ ಪತ್ರವನ್ನು ಇದೇ ರೂಪದಲ್ಲಿ ಉಳಿಸಿದ್ದರೆ ಐವತ್ತು ವರ್ಷ ಕಳೆದರೂ ಯಾವುದೇ ಸಾದಾ ಪಠ್ಯ ತಂತ್ರಾಂಶದಲ್ಲಿ ಓದಬಹುದು. ತೊಂದರೆ ಹುಟ್ಟುವುದು ಪತ್ರದಿಂದಲ್ಲ. ಸಾವಿರಾರು ಪತ್ರಗಳನ್ನು ಜೋಡಿಸಿಡುವ ಪೆಟ್ಟಿಗೆಯಿಂದ.

ನಾಲ್ಕು ಬಗೆಯ ಪೆಟ್ಟಿಗೆಗಳು

ಮೊದಲನೆಯದು ‘ಎಂಬಾಕ್ಸ್’. ಯೂನಿಕ್ಸ್ ಯಂತ್ರಗಳ ಕಾಲದಿಂದ ಬಂದದ್ದು. ಪತ್ರದ ಕೆಳಗೆ ಪತ್ರವನ್ನು ಉದ್ದಕ್ಕೆ ಅಂಟಿಸಿದ ಒಂದೇ ಪಠ್ಯಕಡತ ಅದು. ‘ಫ್ರಂ’ ಎಂಬ ಪದ ಮತ್ತು ಒಂದು ಖಾಲಿ ಜಾಗದಿಂದ ಸಾಲು ಶುರುವಾದರೆ ಹೊಸ ಪತ್ರ ಬಂತೆಂದು ತಿಳಿಯಬೇಕು. ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳಬಹುದು: ಪತ್ರದ ಒಡಲಿನಲ್ಲೇ ಯಾರಾದರೂ ಆ ಪದದಿಂದ ಸಾಲು ಆರಂಭಿಸಿದರೆ? ಅದಕ್ಕಾಗಿ ಅಂಥ ಸಾಲಿನ ಹಿಂದೆ ‘ಗಿಂತ ದೊಡ್ಡದು’ ಚಿಹ್ನೆಯನ್ನು ಸೇರಿಸುವ ಪದ್ಧತಿಯಿದೆ. ಸೇರಿಸಲು ಮರೆತ ತಂತ್ರಾಂಶಗಳಿಂದ ಒಂದು ಪತ್ರ ಎರಡು ತುಂಡಾಗಿ ಕಾಣುವುದುಂಟು.

ಎರಡನೆಯದು ‘ಯೂಡೋರ’. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ 1988ರಲ್ಲಿ ಬರೆದ ತಂತ್ರಾಂಶ. ಅಂಚೆ ಕಚೇರಿಯ ಕುರಿತ ಕಥೆಯೊಂದನ್ನು ಬರೆದಿದ್ದ ಲೇಖಕಿ ಯೂಡೋರ ವೆಲ್ಟಿ ಅವರ ಹೆಸರನ್ನೇ ಅದಕ್ಕೆ ಇಡಲಾಯಿತು. ಇದರ ಪೆಟ್ಟಿಗೆಯೂ ಎಂಬಾಕ್ಸಿನ ದಾಯಾದಿಯೇ. ಆದರೆ ಪತ್ರಕ್ಕೆ ಲಗತ್ತಾದ ಚಿತ್ರ, ದಾಖಲೆಗಳನ್ನು ಕಿತ್ತು ಬೇರೊಂದು ಫೋಲ್ಡರಿನಲ್ಲಿ ಇಡುವುದು ಇದರ ಅಭ್ಯಾಸ. ಪೆಟ್ಟಿಗೆಯನ್ನಷ್ಟೇ ಸಿ.ಡಿ.ಗೆ ಹಾಕಿ ಆ ಫೋಲ್ಡರನ್ನು ಬಿಟ್ಟವರಿಗೆ ಇಂದು ಪತ್ರ ಸಿಗುತ್ತದೆ, ಫೋಟೋ ಸಿಗುವುದಿಲ್ಲ. 2018ರಲ್ಲಿ ಅಮೆರಿಕದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯ ಯೂಡೋರದ ಮೂಲ ಸಂಕೇತಗಳನ್ನು ಎಲ್ಲರಿಗೂ ತೆರೆದಿಟ್ಟಿತು.

ಮೂರನೆಯದು ‘ಔಟ್‌ಲುಕ್ ಎಕ್ಸ್‌ಪ್ರೆಸ್’. ವಿಂಡೋಸ್ ಕಂಪ್ಯೂಟರಿನ ಜೊತೆಗೇ ಬರುತ್ತಿದ್ದುದರಿಂದ ಭಾರತದ ಮನೆಗಳಲ್ಲಿ ಬಹಳ ಪ್ರಚಾರ ಪಡೆಯಿತು. ಇದರ ಕಡತದ ಹೆಸರಿನ ಕೊನೆಯಲ್ಲಿ ‘ಡಿಬಿಎಕ್ಸ್’ ಎಂದಿರುತ್ತದೆ. ಇದು ಪಠ್ಯಕಡತವಲ್ಲ. ಪತ್ರಗಳನ್ನು ತುಂಡು ತುಂಡು ಮಾಡಿ, ಮುಂದಿನ ತುಂಡು ಎಲ್ಲಿದೆ ಎಂಬ ಗುರುತನ್ನು ಪ್ರತಿ ತುಂಡಿಗೂ ಕಟ್ಟಿ, ಸಿಕ್ಕ ಜಾಗದಲ್ಲಿ ತುರುಕಿಟ್ಟ ಉಗ್ರಾಣ. ಗುರುತಿನ ಸರಪಳಿ ಗೊತ್ತಿದ್ದವನಿಗೆ ಮಾತ್ರ ಪತ್ರ ಇಡಿಯಾಗಿ ಸಿಗುತ್ತದೆ.

ನಾಲ್ಕನೆಯದು ಕಚೇರಿಗಳ ‘ಔಟ್‌ಲುಕ್’. ಕಡತದ ಕೊನೆಯಲ್ಲಿ ‘ಪಿಎಸ್‌ಟಿ’. ಹಳೆಯ ಪಿಎಸ್‌ಟಿ ಕಡತಕ್ಕೆ 2 ಗಿಗಾಬೈಟಿನ ಮಿತಿಯಿತ್ತು. ಗೋಣಿಚೀಲಕ್ಕೆ ಹಿಡಿಸುವಷ್ಟಕ್ಕಿಂತ ಹೆಚ್ಚು ತುಂಬಿದರೆ ಹೊಲಿಗೆ ಬಿಡುವಂತೆ, ಮಿತಿ ಮುಟ್ಟಿದ ಕಡತಗಳು ಕೆಟ್ಟು ಕೂರುತ್ತಿದ್ದವು. ಒಳಗಿನ ಬೈಟುಗಳನ್ನು ಒಂದರ ಬದಲಿಗೆ ಇನ್ನೊಂದೆಂಬಂತೆ ಅದಲು ಬದಲು ಮಾಡಿಡುವ ಏರ್ಪಾಡೂ ಇದರಲ್ಲಿದೆ. ಮಕ್ಕಳು ಆಡುವ ಗುಪ್ತಲಿಪಿಯ ಆಟದಂತೆ. ಈ ಕಡತದ ಒಳರಚನೆಯ ವಿವರವನ್ನು ಮೈಕ್ರೋಸಾಫ್ಟ್ 2010ರಲ್ಲಿ ಬಹಿರಂಗವಾಗಿ ಪ್ರಕಟಿಸಿತು. ಅಂದಿನಿಂದ ಈ ಬೀಗಕ್ಕೆ ಕೈ ಮಾಡುವುದು ಎಲ್ಲರಿಗೂ ಸಾಧ್ಯವಾಯಿತು.

ಮೊದಲು ನಕಲು, ಆಮೇಲೆ ಕೆಲಸ

ಹಳೆಯ ಪತ್ರಗಳನ್ನು ಹೊರತೆಗೆಯುವ ಕೆಲಸ ಪ್ರಯೋಗಾಲಯದ ಕೆಲಸದ ಹಾಗೆ, ಆತುರಪಟ್ಟರೆ ಕೆಡುತ್ತದೆ. ಮೊದಲ ಹೆಜ್ಜೆ, ಮೂಲವನ್ನು ಮುಟ್ಟದೆ ನಕಲು ತೆಗೆಯುವುದು. ಫ್ಲಾಪಿಯಾದರೆ ಮೂಲೆಯಲ್ಲಿರುವ ಪುಟ್ಟ ಕಿಟಕಿಯನ್ನು ತೆರೆದ ಸ್ಥಿತಿಗೆ ಸರಿಸಬೇಕು. ಆಗ ಯಂತ್ರ ಅದರ ಮೇಲೆ ಏನನ್ನೂ ಬರೆಯಲಾರದು. ಯು.ಎಸ್.ಬಿ. ತಂತಿಗೆ ಜೋಡಿಸುವ ಫ್ಲಾಪಿ ಡ್ರೈವ್‌ಗಳು ಈಗಲೂ ಸಿಗುತ್ತವೆ. ಒಂದು ಫ್ಲಾಪಿಯಲ್ಲಿ ಹಿಡಿಸುವುದೆಷ್ಟು? ಎರಡು ಮೈ, ಒಂದೊಂದರಲ್ಲಿ 80 ವೃತ್ತಗಳು, ಒಂದೊಂದು ವೃತ್ತದಲ್ಲಿ 18 ಖಂಡಗಳು, ಖಂಡವೊಂದಕ್ಕೆ 512 ಬೈಟು. ಗುಣಿಸಿದರೆ 14,74,560 ಬೈಟು. ಎರಡು ಸಾವಿರ ಅಕ್ಷರಗಳ ಇಂಗ್ಲಿಷ್ ಪತ್ರಗಳಾದರೆ 700ಕ್ಕೂ ಹೆಚ್ಚು. ಅಂಗೈಯಗಲದ ಪ್ಲಾಸ್ಟಿಕ್ ತುಂಡನ್ನು ಕಸಕ್ಕೆ ಹಾಕುವ ಮುನ್ನ ಈ ಲೆಕ್ಕ ನೆನಪಿರಲಿ.

ಎರಡನೆಯ ಹೆಜ್ಜೆ, ನಕಲು ಸರಿಯಾಗಿದೆಯೇ ಎಂಬ ಪರೀಕ್ಷೆ. ಇದಕ್ಕೆ ‘ಹ್ಯಾಷ್’ ಎಂಬ ಗಣಿತದ ಉಪಾಯವಿದೆ. ಕಡತ ಎಷ್ಟೇ ದೊಡ್ಡದಿರಲಿ, ಅದನ್ನು ಅರೆದು 64 ಅಂಕಾಕ್ಷರಗಳ ಒಂದು ಸಾಲಾಗಿ ಇಳಿಸುವ ವಿಧಾನ ಇದು. ಇದನ್ನು ಕಡತದ ಹೆಬ್ಬೆಟ್ಟಿನ ಗುರುತು ಎನ್ನಬಹುದು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಮೂಲದ ಸಾಲೂ ನಕಲಿನ ಸಾಲೂ ಒಂದೇ ಆಗಿದ್ದರೆ ಮೂಲವನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಕೂರಬಹುದು.

ಮೂರನೆಯ ಹೆಜ್ಜೆ, ಪೆಟ್ಟಿಗೆ ಯಾವ ಬಗೆಯದು ಎಂದು ಗುರುತಿಸುವುದು. ಕಡತದ ಹೆಸರನ್ನು ನಂಬುವಂತಿಲ್ಲ, ಯಾರೋ ಬದಲಿಸಿರಬಹುದು. ಆದರೆ ಬಹಳಷ್ಟು ಕಡತಗಳು ಮೊದಲ ಕೆಲವು ಬೈಟುಗಳಲ್ಲೇ ತಮ್ಮ ಕುಲಗೋತ್ರ ಹೇಳಿಕೊಳ್ಳುತ್ತವೆ. ಪಿಎಸ್‌ಟಿ ಕಡತ ಆಶ್ಚರ್ಯಸೂಚಕ ಚಿಹ್ನೆ ಮತ್ತು ಬಿ, ಡಿ, ಎನ್ ಅಕ್ಷರಗಳಿಂದ ಆರಂಭವಾಗುತ್ತದೆ. ಎಂಬಾಕ್ಸ್ ಆದರೆ ತೆರೆದ ಕೂಡಲೇ ‘ಫ್ರಂ’ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ, ಪರಿವರ್ತನೆ. ಪಿಎಸ್‌ಟಿಯನ್ನು ಎಂಬಾಕ್ಸಿಗೆ ತಿರುಗಿಸುವ ‘ರೀಡ್‌ಪಿಎಸ್‌ಟಿ’ಯಂಥ ಉಚಿತ ತಂತ್ರಾಂಶಗಳಿವೆ, ಡಿಬಿಎಕ್ಸ್‌ಗೂ ಇವೆ. ಹೀಗೆ ಸಿಕ್ಕ ಎಂಬಾಕ್ಸನ್ನು ‘ಥಂಡರ್‌ಬರ್ಡ್’ ಎಂಬ ಉಚಿತ ಅಂಚೆ ತಂತ್ರಾಂಶಕ್ಕೆ ಒಪ್ಪಿಸಿದರೆ ಪತ್ರಗಳು ಎಂದಿನಂತೆ ಪಟ್ಟಿಯಾಗಿ ಕಾಣುತ್ತವೆ.

ಕೊನೆಯದು ಎಣಿಕೆ. ಹಳೆಯ ಪೆಟ್ಟಿಗೆಯಲ್ಲಿ ಎಷ್ಟು ಪತ್ರ ಇದ್ದವು, ಹೊಸದರಲ್ಲಿ ಎಷ್ಟು ಬಂದವು? ವ್ಯತ್ಯಾಸವಿದ್ದರೆ ಎಲ್ಲೋ ಒಂದು ಪತ್ರ ಎರಡಾಗಿದೆ ಅಥವಾ ಎರಡು ಒಂದಾಗಿವೆ. ದಿನಾಂಕಗಳನ್ನೂ ನೋಡಬೇಕು. 1982ರ ನಿಯಮದಲ್ಲಿ ವರ್ಷಕ್ಕೆ ಎರಡೇ ಅಂಕಿ ಇದ್ದವು. 98 ಎಂದರೆ 1998. ಕೆಲವು ಹಳೆಯ ತಂತ್ರಾಂಶಗಳು 99ರ ನಂತರ ಮುಗ್ಧವಾಗಿ 100 ಎಂದು ಬರೆದವು. ಅದಕ್ಕೆ 1900 ಕೂಡಿದರೆ 2000ದ ಪತ್ರವೆಂದು ತಿಳಿಯುತ್ತದೆ. ಇದನ್ನರಿಯದ ತಂತ್ರಾಂಶ ಅಂಥ ಪತ್ರವನ್ನು ಯಾವ ಯುಗಕ್ಕೆ ತಳ್ಳುವುದೋ ಹೇಳಲಾಗದು.

‘ಕ’ ಅಕ್ಷರದ ಪ್ರಯಾಣ

ಪತ್ರದ ಒಡಲು ತೆರೆದಾಗ ಕೆಲವೊಮ್ಮೆ ಅರ್ಥವಿಲ್ಲದ ಅಕ್ಷರಗಳ ಗೋಡೆ ಎದುರಾಗುತ್ತದೆ. ಅನೇಕರು ಕಡತ ಕೆಟ್ಟಿದೆಯೆಂದು ತಿಳಿದು ಅಲ್ಲಿಗೇ ಕೈಬಿಡುತ್ತಾರೆ. ನಿಜವಾಗಿ ಅದು ಕೆಟ್ಟಿಲ್ಲ, ವೇಷ ಹಾಕಿಕೊಂಡಿದೆ. ಇ-ಮೇಲಿನ ದಾರಿ ಮೂಲತಃ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆಂದು ಕಟ್ಟಿದ್ದು. ಒಟ್ಟು 128 ಸಂಕೇತಗಳು. ಒಂದೊಂದಕ್ಕೆ 7 ಬಿಟ್ಟು. ಚಿತ್ರ, ಧ್ವನಿ, ಕನ್ನಡ ಯಾವುದೂ ಈ ಕಿರುದಾರಿಯಲ್ಲಿ ಹಿಡಿಸದು. 1992ರಲ್ಲಿ ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ‘ಮೈಮ್’ ಎಂಬ ಏರ್ಪಾಡು ರೂಪಿಸಿದರು. ಅದರ ಒಂದು ಭಾಗ ‘ಬೇಸ್ 64’.

ಇದನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಮಾಡಿ ನೋಡಬಹುದು. ಯೂನಿಕೋಡಿನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಈಗ ಬಳಕೆಯಲ್ಲಿರುವ ‘ಯುಟಿಎಫ್-8’ ವಿಧಾನದಲ್ಲಿ ಅದು 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ:

11100000 10110010 10010101

ಎಂಟೆಂಟರ ಮೂರು ಗುಂಪನ್ನು ಆರಾರರ ನಾಲ್ಕು ಗುಂಪಾಗಿ ಮುರಿಯೋಣ:

111000 001011 001010 010101

ದಶಮಾನಕ್ಕೆ ತಂದರೆ 56, 11, 10, 21. ಬೇಸ್ 64ರ ಪಟ್ಟಿಯಲ್ಲಿ 0ರಿಂದ 25ರವರೆಗೆ ಇಂಗ್ಲಿಷಿನ ದೊಡ್ಡಕ್ಷರಗಳು, 26ರಿಂದ 51ರವರೆಗೆ ಚಿಕ್ಕಕ್ಷರಗಳು, 52ರಿಂದ 61ರವರೆಗೆ ಅಂಕಿಗಳು, ಕೊನೆಗೆ ಎರಡು ಚಿಹ್ನೆಗಳು. ಆದ್ದರಿಂದ 56 ಎಂದರೆ ‘4’ ಅಂಕಿ, 11 ಎಂದರೆ ‘ಎಲ್’, 10 ಎಂದರೆ ‘ಕೆ’, 21 ಎಂದರೆ ‘ವಿ’. ‘ಕ’ ಅಕ್ಷರ ‘ನಾಲ್ಕು-ಎಲ್-ಕೆ-ವಿ’ ಎಂಬ ವೇಷದಲ್ಲಿ ಸಮುದ್ರ ದಾಟುತ್ತದೆ!

ಕನ್ನಡದ ಇತರ ಅಕ್ಷರಗಳನ್ನೂ ಹೀಗೆ ಮಾಡಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಎಲ್ಲವೂ ‘ನಾಲ್ಕು-ಎಲ್-ಕೆ’ ಅಥವಾ ‘ನಾಲ್ಕು-ಎಲ್-ಓ’ ಎಂದೇ ಶುರುವಾಗುತ್ತವೆ. ನಾಲ್ಕನೆಯದು ಮಾತ್ರ ಬದಲಾಗುತ್ತದೆ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟು. ಅದು ಬಂದಾಗ ಜೋಡಣೆ ಒಂದು ಹೆಜ್ಜೆ ಸರಿದು ಗುರುತು ಬದಲಾಗುತ್ತದೆ, ನಿಜ. ಆದರೂ ಅಕ್ಷರಗಳ ಗೋಡೆಯಲ್ಲಿ ಈ ಗುರುತು ಮತ್ತೆ ಮತ್ತೆ ಕಂಡರೆ ಒಳಗಿರುವುದು ಕನ್ನಡವೆಂದು ಧೈರ್ಯವಾಗಿ ಹೇಳಬಹುದು. ಹಾಗೆಯೇ ಗೋಡೆ ಓರೆಗೆರೆ, 9, ಚಿಕ್ಕ ಜೆ, ಮತ್ತೆ ಓರೆಗೆರೆ ಎಂದು ಆರಂಭವಾದರೆ ಅದು ಜೆಪೆಗ್ ಚಿತ್ರ. ಯಾವುದೋ ಮದುವೆಯ ಫೋಟೋ ಇದ್ದರೂ ಇದ್ದೀತು.

ಕನ್ನಡ ಪತ್ರದ ವಿಶೇಷ ತೊಂದರೆ

ಇಷ್ಟಾದರೂ 2000ದ ಆಸುಪಾಸಿನ ಕನ್ನಡ ಪತ್ರಗಳು ಸುಲಭವಾಗಿ ಬಾಯಿ ಬಿಡುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದು ಮನೆಯ ಕಂಪ್ಯೂಟರಿಗೆ ಇಳಿದು ಬಳಕೆಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಶ್ರೀಲಿಪಿ, ಆಕೃತಿ, 1998ರಲ್ಲಿ ಬಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದವು ಕನ್ನಡದ ಕೆಲಸ ನಡೆಸಿದವು. ಇವು ಮಾಡಿದ ಉಪಾಯವೆಂದರೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಆ ಸಂಖ್ಯೆಗಳ ಎದುರು ಕನ್ನಡದ ಅಕ್ಷರಭಾಗಗಳ ಚಿತ್ರ ಬರೆದದ್ದು. ಕಂಪ್ಯೂಟರಿನ ಮಟ್ಟಿಗೆ ಅದು ‘ಪಿ’. ಪರದೆಯ ಮೇಲೆ ಕಾಣುವುದು ‘ಕ’ ಅಕ್ಷರದ ಒಡಲು.

ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ ಏಳು ಚಿಹ್ನೆಗಳು: ಪಿ, ತಲೆಯ ಮೇಲೆ ಓರೆಗೆರೆಯುಳ್ಳ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ-ಎಸ್, ಚಿಕ್ಕ ಕ್ಯೂ, ಮತ್ತೆ ಅದೇ ಎ. ಆ ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲಿ ಇದು ಅಂದವಾಗಿ ‘ಕನ್ನಡ’ ಎಂದು ಕಾಣುತ್ತದೆ. ಇಲ್ಲದಿದ್ದರೆ ಏಳು ಪರದೇಶಿ ಚಿಹ್ನೆಗಳು. ಇಲ್ಲಿ ವಸ್ತು ಉಳಿದಿದೆ, ಜೋಡಣೆ ಬಿಡಿಸಿದ್ದಾಗಿದೆ, ಲಿಪಿ ಮಾತ್ರ ತಿಗಳಾರಿಯಾಗಿದೆ.

ಇದಕ್ಕೆ ಮದ್ದು ಇದೆ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಕ ಒಂದಕ್ಕೆ ಒಂದು ಅಕ್ಷರ ಬದಲಿಸಿದರೆ ಸಾಲದು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಬರೆಯುವಾಗ ‘ಯ’ದ ನಂತರ ಬರುತ್ತದೆ, ಉಚ್ಚಾರಣೆಯಲ್ಲಿ ಮೊದಲು ಬರುತ್ತದೆ. ಹಳೆಯ ಅಕ್ಷರಶೈಲಿ ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿಯಿತು. ಯೂನಿಕೋಡ್ ಬಾಯಲ್ಲಿ ಹೊರಡುವ ಕ್ರಮವನ್ನು ಹಿಡಿಯಿತು. ಪರಿವರ್ತಕ ಈ ಹಿಂದುಮುಂದನ್ನು ಸರಿಪಡಿಸಬೇಕು. ಬೇರೆ ಬೇರೆ ತಂತ್ರಾಂಶಗಳ ಸಂಕೇತಗಳೂ ಬೇರೆ ಬೇರೆ ಆಗಿದ್ದವು. ಆದ್ದರಿಂದ ಪತ್ರ ಯಾವುದರಲ್ಲಿ ಬರೆದದ್ದು ಎಂಬುದನ್ನು ಮೊದಲು ಪತ್ತೆ ಮಾಡಿ, ಅದಕ್ಕೆ ತಕ್ಕ ಪರಿವರ್ತಕ ಆರಿಸಬೇಕು.

ಮದ್ದಿಲ್ಲದ ರೋಗವೂ ಒಂದಿದೆ. ಕೆಲವು ಹಳೆಯ ಸರ್ವರುಗಳು 7 ಬಿಟ್ಟಿನ ನಿಯಮವನ್ನು ಅಕ್ಷರಶಃ ಪಾಲಿಸಿ, ಎಂಟನೆಯ ಬಿಟ್ಟನ್ನು ಕತ್ತರಿಸಿ ಮುಂದೆ ಕಳಿಸುತ್ತಿದ್ದವು. ಎಂಟನೆಯ ಬಿಟ್ಟಿನ ಬೆಲೆ 128. ಓರೆಗೆರೆಯ ಎ ಸಂಖ್ಯೆ 192. 128 ಕಳೆದರೆ 64, ಅಂದರೆ ‘ಅಟ್’ ಚಿಹ್ನೆ. ಪೌಂಡಿನ ಸಂಖ್ಯೆ 163; ಕಳೆದರೆ 35. ಹೀಗೆ ಕತ್ತರಿಸಿದ ಮೇಲೆ 208 ಸಂಖ್ಯೆಯ ಚಿಹ್ನೆಯೂ 80 ಆಗುತ್ತದೆ, ಮೊದಲೇ 80 ಆಗಿದ್ದ ‘ಪಿ’ಯೂ 80 ಆಗಿಯೇ ಉಳಿಯುತ್ತದೆ. ಯಾವುದು ಮೂಲದಲ್ಲಿ ಯಾವುದಾಗಿತ್ತು ಎಂದು ಯಂತ್ರ ಹೇಳಲಾರದು. ಸವೆದ ಶಾಸನದ ಸಾಲನ್ನು ಸಂದರ್ಭ ನೋಡಿ ಊಹಿಸುವಂತೆ, ಭಾಷೆ ಬಲ್ಲವರೇ ಊಹಿಸಬೇಕು. ಅನೇಕ ಮನೆಗಳಲ್ಲಿ ಆ ಊಹೆ ಮಾಡಬಲ್ಲವರು ಇಬ್ಬರೇ – ಪತ್ರ ಬರೆದವರು ಮತ್ತು ಪಡೆದವರು. ಅವರು ಇರುವಾಗಲೇ ಕೆಲಸವಾಗಬೇಕು.

ಮಾಡಬಾರದ್ದು

ಅಳಿಸಿದ ಪತ್ರಗಳೂ ಕೆಲವೊಮ್ಮೆ ಸಿಗುತ್ತವೆ. ‘ಅಳಿಸು’ ಎಂದಾಗ ಹಳೆಯ ತಂತ್ರಾಂಶಗಳು ಅನೇಕ ವೇಳೆ ಅನುಕ್ರಮಣಿಕೆಯಿಂದ ಹೆಸರು ತೆಗೆಯುತ್ತಿದ್ದವು; ಪತ್ರ ಅದೇ ಜಾಗದಲ್ಲಿ ಇರುತ್ತಿತ್ತು. ಪೆಟ್ಟಿಗೆಯನ್ನು ‘ಒತ್ತಟ್ಟು’ ಮಾಡಿದಾಗ ಮಾತ್ರ ನಿಜವಾಗಿ ಹೋಗುತ್ತಿತ್ತು. ಆದ್ದರಿಂದ ಹಳೆಯ ಕಂಪ್ಯೂಟರು ಇನ್ನೂ ಚಾಲೂ ಆಗುವ ಸ್ಥಿತಿಯಲ್ಲಿದ್ದರೆ, ‘ಜಾಗ ಉಳಿಸಲೇ’ ಎಂದು ತಂತ್ರಾಂಶ ಕೇಳುವ ಪ್ರಶ್ನೆಗೆ ಹೂಂ ಎನ್ನಬಾರದು. ಅದಕ್ಕಿಂತ, ಚಾಲೂ ಮಾಡದೆ ಡಿಸ್ಕನ್ನು ಹೊರತೆಗೆದು ನಕಲು ತೆಗೆಯುವುದೇ ಕ್ಷೇಮ. ತಿಳಿದವರಿಂದ ಮಾಡಿಸಬೇಕು.

ಇನ್ನೊಂದು ಎಚ್ಚರಿಕೆ ತಂತ್ರಜ್ಞಾನದ್ದಲ್ಲ. ಪತ್ರಪೆಟ್ಟಿಗೆಯಲ್ಲಿ ಒಬ್ಬರ ಬರಹವಷ್ಟೇ ಇರುವುದಿಲ್ಲ; ಅವರಿಗೆ ಬರೆದ ನೂರು ಜನರ ಮಾತೂ ಇರುತ್ತದೆ. ಸಾಲ, ಕಾಯಿಲೆ, ಮನೆಯ ಜಗಳ, ಯಾರಿಗೂ ಹೇಳಬೇಡ ಎಂದು ಬರೆದದ್ದು. ತೆರೆಯಲು ಬರುತ್ತದೆ ಎಂಬುದು ಓದಲು ಅಧಿಕಾರವಲ್ಲ. ಪತ್ರದ ಒಡೆಯರು ಬದುಕಿದ್ದರೆ ಅವರನ್ನು ಕೇಳಬೇಕು. ಇಲ್ಲವಾಗಿದ್ದರೆ ಮನೆಯ ಹಿರಿಯರು ಕೂತು ತೀರ್ಮಾನಿಸಬೇಕು. ಕೆಲವನ್ನು ಉಳಿಸಿಯೂ ಓದದೆ ಇಡುವುದು ಸಾಧ್ಯ.

ಇಂದಿನ ಪತ್ರ, ನಾಳಿನ ಓದುಗ

ಎಲ್ಲ ಈಗ ‘ಕ್ಲೌಡ್’ನಲ್ಲಿದೆ, ಚಿಂತೆಯಿಲ್ಲ ಎನ್ನುವವರಿದ್ದಾರೆ. ಆದರೆ ಮೋಡಕ್ಕೂ ಯಜಮಾನನಿದ್ದಾನೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದು, ಅದೇ ವರ್ಷದ ಡಿಸೆಂಬರಿನಿಂದ ಜಾರಿ ಮಾಡಿತು. ತೀರಿಕೊಂಡವರ ಖಾತೆಯನ್ನು ಯಾರು ಬಳಸುತ್ತಾರೆ? ಮನೆಯವರಿಗೆ ಗೊತ್ತಾಗುವ ಮುಂಚೆಯೇ ಅದು ಹೋಗಿರಬಹುದು. ಅದೇ ಸಂಸ್ಥೆಯ ‘ಟೇಕ್‌ಔಟ್’ ಸೌಲಭ್ಯದಿಂದ ಎಲ್ಲ ಪತ್ರಗಳನ್ನೂ ಇಳಿಸಿಕೊಳ್ಳಬಹುದು. ಅದು ಕೊಡುವ ಕಡತ ಯಾವ ಬಗೆಯದು ಗೊತ್ತೇ? ಹಳೆಯ ಎಂಬಾಕ್ಸ್! ನಾಲ್ಕು ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಹಳೆಯದೂ ಸರಳವೂ ಆದದ್ದೇ ಇಂದಿಗೂ ಬಾಳಿದೆ. ಅದಕ್ಕೆ ಗುಟ್ಟಿಲ್ಲ, ಬೀಗವಿಲ್ಲ, ಯಾವ ಒಬ್ಬ ಮಾರಾಟಗಾರನ ಹಂಗೂ ಇಲ್ಲ.

ಉಳಿಯಬೇಕಾದ ಯಾವ ಕಡತಕ್ಕೂ ಈ ಪಾಠ ಹೊಂದುತ್ತದೆ. ರಚನೆ ಬಹಿರಂಗವಾಗಿರುವ ರೂಪದಲ್ಲಿ ಉಳಿಸಬೇಕು. ಕನ್ನಡವಾದರೆ ಯೂನಿಕೋಡಿನಲ್ಲೇ ಇರಬೇಕು. ಒಂದಲ್ಲ, ಎರಡು ಮೂರು ಪ್ರತಿ, ಬೇರೆ ಬೇರೆ ಕಡೆ ಇರಬೇಕು. ಐದಾರು ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಉಪ್ಪಿನಕಾಯಿ ಜಾಡಿಯನ್ನು ಆಗಾಗ ತೆರೆದು ನೋಡುವುದಿಲ್ಲವೇ, ಹಾಗೆ.

ಬೇಸಿಗೆ ರಜೆಯಲ್ಲಿ ಮಾಡಲು ಕೆಲಸ ಹುಡುಕುವ ಹೈಸ್ಕೂಲು, ಪಿ.ಯು.ಸಿ. ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಯೋಜನೆ ಬೇರೆ ಬೇಡ. ಬೀರುವಿನ ತಳದಲ್ಲಿರುವ ಫ್ಲಾಪಿ, ಸಿ.ಡಿ.ಗಳನ್ನೂ ಅಟ್ಟದ ಮೇಲಿನ ಹಳೆಯ ಕಂಪ್ಯೂಟರನ್ನೂ ಮೊದಲು ಪಟ್ಟಿ ಮಾಡಬೇಕು. ಒಂದೊಂದರಲ್ಲಿ ಏನಿರಬಹುದೆಂದು ಅಪ್ಪ ಅಮ್ಮನನ್ನು ಕೇಳಿ ಬರೆದುಕೊಳ್ಳಬೇಕು. ಆಮೇಲೆ ನಕಲು, ಗುರುತು, ಪರಿವರ್ತನೆ, ಎಣಿಕೆ. ದ್ವಿಮಾನ ಸಂಖ್ಯೆ ಪರೀಕ್ಷೆಯ ಎರಡು ಅಂಕಕ್ಕಷ್ಟೇ ಎಂದುಕೊಂಡಿದ್ದ ವಿದ್ಯಾರ್ಥಿ, ಅದೇ ಸಂಖ್ಯೆಗಳನ್ನು ಬಿಡಿಸುತ್ತ ಹೋದಾಗ ಅಜ್ಜನ ಕೈಯ ಒಂದು ಸಾಲು ಪರದೆಯ ಮೇಲೆ ಮೂಡಿದರೆ, ಆ ಪಾಠವನ್ನು ಅವನಿಗೆ ಯಾರೂ ಮತ್ತೆ ಹೇಳಿಕೊಡಬೇಕಾಗಿಲ್ಲ.